ನಾನು ಬರೆದ ಹತ್ತು ತಿಂಗಳು

ಹೋದ ತಿಂಗಳು ಪೆನ್ಷನ್ ಕಾಗದಕ್ಕೆ ಒಂದು ಸಹಿ ಬೇಕಾಗಿ ನಾನು ಕೊನೆಗೆ ಕೆಲಸ ಮಾಡಿದ ಶಾಲೆಗೆ ಹೋಗಿದ್ದೆ. ನಂಜನಗೂಡಿನ ಹತ್ತಿರದ ಕಳಲೆಯಿಂದ ಇನ್ನೂ ಒಂದೂವರೆ ಮೈಲಿ ಒಳಗಿರುವ ಊರು. ಹೆಸರು ಬೇಡ, ಅಲ್ಲಿಯವರು ಓದಿದರೆ ಅವರಿಗೇ ಗೊತ್ತಾಗುತ್ತದೆ. ಹೊಸ ಹೆಡ್‌ಮಾಸ್ಟರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಳೇ ಹಾಜರಿ ಪುಸ್ತಕ ಹುಡುಕಲು ಕಬ್ಬಿಣದ ಬೀರು ತೆಗೆದರು. ತೆಗೆದದ್ದೇ ನುಸಿಗುಳಿಗೆಯ ವಾಸನೆ, ಹಳೇ ಕಾಗದದ ವಾಸನೆ, ಇಲಿ ಓಡಾಡಿದ ವಾಸನೆ ಎಲ್ಲ ಒಟ್ಟಿಗೆ ಮುಖಕ್ಕೆ ಬಂತು. ಮಕ್ಕಳ ದಾಖಲಾತಿ ಪುಸ್ತಕಗಳು ಮೇಲಿನ ಅರೆಯಲ್ಲಿ ಹಾಗೇ ಇದ್ದವು. "ಕಾಫಿ ತರಿಸ್ಲಾ ಮೇಡಂ?" ಎಂದು ಅವರು ಕೇಳುತ್ತಿದ್ದರು. ನನ್ನ ಕಣ್ಣು ಆ ಅರೆಯ ಮೇಲೇ ಇತ್ತು. ಎರಡು ವರ್ಷದ ಹಿಂದಿನ ಒಂದು ಆಷಾಢದಲ್ಲಿ ಇದೇ ವಾಸನೆ ನನ್ನ ಸೆರಗಿಗೆ ಅಂಟಿಕೊಂಡು ನಂಜನಗೂಡಿನ ಮನೆಯವರೆಗೂ ಬರುತ್ತಿತ್ತು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾರ ತಲೆಗೂ ಹತ್ತುವುದಿಲ್ಲ. ಆ ಆಷಾಢಕ್ಕೂ ಹನ್ನೆರಡು ವರ್ಷ ಮೊದಲು, ಜೂನ್ ಮೊದಲನೇ ದಿನ, ರತ್ನಮ್ಮ ಎಂಬ ಹೆಂಗಸು ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ. ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಂಗನವಾಡಿ ಮಧ್ಯಾಹ್ನ ಕಳೆಯುವುದರೊಳಗೆ ಬಾಗಿಲು ಹಾಕುತ್ತದೆ. ನಮ್ಮಲ್ಲಾದರೆ ಬಿಸಿಯೂಟ ಇದೆ, ಸಂಜೆಯವರೆಗೆ ಮಗು ಒಬ್ಬರ ಕಣ್ಣೆದುರಿಗಿರುತ್ತದೆ. ಆದರೆ ಒಂದನೇ ತರಗತಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ಈ ಮಗುವಿಗೆ ಐದು ತುಂಬಿ ಒಂದು ವಾರವಾಗಿತ್ತು, ಅಷ್ಟೆ. ಹೆರಿಗೆ ಸಮಯದಲ್ಲಿ ಕೊಡುವ ತಾಯಿ ಕಾರ್ಡನ್ನು ರತ್ನಮ್ಮ ತಂದಿದ್ದಳು. ಅದರಲ್ಲಿ ಮೇ ಇಪ್ಪತ್ತೈದು ಎಂದು ಸ್ಪಷ್ಟವಾಗಿ ಬರೆದಿತ್ತು.

"ಇದನ್ನ ಒಳಗಿಡು ರತ್ನಮ್ಮ, ಯಾರಿಗೂ ತೋರಿಸ್ಬೇಡ" ಎಂದೆ. ಪುಸ್ತಕದಲ್ಲಿ ಅದರ ಹಿಂದಿನ ವರ್ಷದ ಜುಲೈ ಇಪ್ಪತ್ತೈದು ಎಂದು ನೀಲಿ ಇಂಕಿನಲ್ಲಿ ದುಂಡಗೆ ಬರೆದೆ. ಸರಿಯಾಗಿ ಹತ್ತು ತಿಂಗಳು ಹಿಂದಕ್ಕೆ. ಹಾಗೆ ಬರೆಯುವುದು ನನಗೆ ಹೊಸದೇನಲ್ಲ. ನಮ್ಮ ಪುಸ್ತಕ ನಂಬಿದರೆ ಆ ಊರಿನ ಎಷ್ಟೋ ಮಕ್ಕಳು ಒಂದೇ ವಾರದಲ್ಲಿ ಹುಟ್ಟಿದವರು. ರತ್ನಮ್ಮ ಕಾಲಿಗೆ ಬಿದ್ದಳು, ನಾನು ಗದರಿ ಎಬ್ಬಿಸಿದೆ. ಅವತ್ತು ಬಸ್ಸಿನಲ್ಲಿ ಕೂತು, ಪಾಪದವಳಿಗೆ ಒಂದು ಒಳ್ಳೇ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಆ ಮಗುವೇ ಭವ್ಯ. ನನಗೆ ಮೂಗಿನ ತುದಿಯಲ್ಲೇ ಕೋಪ, ಮಕ್ಕಳು ಹೆದರುತ್ತಿದ್ದವು. ಇವಳೊಬ್ಬಳು ಹೆದರುತ್ತಿರಲಿಲ್ಲ. ಬೋರ್ಡಿನ ಮೇಲೆ ನಾನು ಲೆಕ್ಕ ತಪ್ಪು ಮಾಡಿದರೆ ಎದ್ದು ನಿಂತು "ಮಿಸ್, ಅದು ಏಳು" ಅನ್ನುತ್ತಿದ್ದಳು. ನಮ್ಮಲ್ಲಿ ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದ ಮೇಲೂ ಬಸ್‌ಸ್ಟಾಪಿನಲ್ಲಿ ಸಿಕ್ಕಿ ಮಾತಾಡಿಸುತ್ತಿದ್ದಳು.

ಎಂಟನೇ ತರಗತಿಯಲ್ಲಿ ಅವಳು ಮೈನೆರೆದಾಗ ನನ್ನನ್ನೂ ಕರೆದಿದ್ದರು. ರತ್ನಮ್ಮನ ತವರು ತಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ಹತ್ತಿರ. ಅಲ್ಲಿಂದ ಅವಳ ತಮ್ಮ ಮಾದೇವ ಟ್ರ್ಯಾಕ್ಟರಿನಲ್ಲಿ ಹಸಿ ತೆಂಗಿನಗರಿ ಹೇರಿಕೊಂಡು ಬಂದು, ಅಂಗಳದಲ್ಲಿ ಗುಡ್ಲು ಹಾಕಿದ. ಹುಡುಗಿ ಮೈನೆರೆದರೆ ಸೋದರಮಾವ ಗರಿಯ ಗುಡಿಸಲು ಕಟ್ಟಬೇಕು, ಅವಳು ಅಷ್ಟೂ ದಿನ ಅದರೊಳಗೇ ಇರಬೇಕು, ಕೊನೇ ದಿನ ಅದನ್ನು ಸುಡಬೇಕು. ಅಲ್ಲಿನ ಶಾಸ್ತ್ರ ಅದು. ಗುಡ್ಲು ಹಾಕಿದ ಸೋದರಮಾವನಿಗೆ ಹುಡುಗಿಯ ಮೇಲೆ ಮೊದಲ ಹಕ್ಕು ಎನ್ನುವುದೂ ಅದರ ಜೊತೆಗೇ ಬರುವ ಮಾತು. "ಈಗ್ಲೇ ಕಾವ್ಲು ಕುಂತವ್ನೆ ನೋಡ್ರವ್ವ ಮಾವ" ಎಂದು ಹೆಂಗಸರು ಮಾದೇವನನ್ನು ಛೇಡಿಸುತ್ತಿದ್ದರು. ನಾನೂ ಎಳ್ಳು ಬೆಲ್ಲದ ಚಿಗಳಿ ಉಂಡೆ ತಿನ್ನುತ್ತಾ ನಕ್ಕೆ, ರವಿಕೆ ಕಣ ಕೊಟ್ಟು, ಆರತಿ ಎತ್ತಿ ಬಂದೆ. ಹನ್ನೊಂದು ದಿನ ಶಾಲೆ ತಪ್ಪಿಸಿಕೊಂಡು ಬಂದವಳು ಬಸ್‌ಸ್ಟಾಪಿನಲ್ಲಿ ನನಗೆ ಹೇಳಿದಳು: "ಮಳೆ ಬಂದು ಗುಡ್ಲೊಳಗೆಲ್ಲ ನೀರು ಮಿಸ್. ಕರೆದೆ. ಮನೆ ಒಳಗೆ ಬಿಟ್ಕೊಳ್ಲಿಲ್ಲ." ನಾನು, "ಆಯ್ತು ಬಿಡು, ತಪ್ಪಿದ ನೋಟ್ಸ್ ಬರ್ಕೋ" ಎಂದೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಇನ್ನು ಆ ಆಷಾಢ. ಭವ್ಯ ಪಿಯುಸಿ ಒಳ್ಳೇ ನಂಬರಿನಲ್ಲಿ ಪಾಸಾಗಿದ್ದಳು. ಮೈಸೂರಿನಲ್ಲಿ ನರ್ಸಿಂಗ್ ಓದಬೇಕೆಂದು ಅರ್ಜಿ ಹಾಕಿದ್ದಳು. ನನಗೆ ನಿವೃತ್ತಿಗೆ ಎಂಟೇ ತಿಂಗಳು, ಹೆಡ್‌ಮಾಸ್ಟರ್ ಚಾರ್ಜೂ ನನ್ನ ತಲೆಗೇ ಬಿದ್ದಿತ್ತು. ಅವತ್ತು ಬೆಳಿಗ್ಗೆಯಿಂದ ಜಡಿಮಳೆ. ಅಡುಗೆಮನೆ ಸೋರುತ್ತಿತ್ತು, ಬೇಳೆ ಚೀಲ ನೆನೆದಿತ್ತು, ಅಡುಗೆಯವಳ ಜೊತೆ ನನ್ನದು ಜಗಳ. ಆ ಗಲಾಟೆಯ ನಡುವೆ ರತ್ನಮ್ಮ ಬಂದು, "ಮಗೀದು ಡೇಟಾಪ್ ಬರ್ತು ಒಂದ್ ಬರ್ಕೊಡಿ ಮೇಡಂ" ಎಂದಳು. ಯಾತಕ್ಕೆ ಎಂದು ಕೇಳಲಿಲ್ಲ. ಪುಸ್ತಕ ತೆಗೆದೆ, ನನ್ನದೇ ಅಕ್ಷರ ನೋಡಿ ಜನ್ಮ ದಿನಾಂಕದ ಪತ್ರ ಬರೆದೆ, ಸಹಿ ಮಾಡಿ ಮೊಹರು ಒತ್ತಿದೆ. ಎಲ್ಲ ಐದು ನಿಮಿಷದ ಕೆಲಸ.

ಮೂರನೇ ದಿನ ಭವ್ಯ ಬಂದಳು. ನೆನೆದ ತಲೆ, ಕಣ್ಣು ಊದಿತ್ತು. ಬಾಗಿಲಲ್ಲೇ ನಿಂತು, "ಬರೆದುಕೊಟ್ಬಿಟ್ರಾ ಮಿಸ್?" ಎಂದಳು.

"ಏನೇ ಅದು?"

"ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು ಎಲ್ಲ ನನ್ನ ಫ್ರೆಂಡ್ ಮನೇಲಿ ಬಚ್ಚಿಟ್ಟಿದ್ದೆ. ಲಗ್ನಪತ್ರಿಕೆ ಪ್ರಿಂಟ್ ಮಾಡೋರು, ಛತ್ರದೋರು ಎಲ್ಲ ವಯಸ್ಸಿನ ದಾಖಲೆ ಕೇಳ್ತಾರೆ. ಇಲ್ದಿದ್ರೆ ಮುಂದಕ್ಕೆ ಹೋಗಲ್ಲ ಅಂದ್ಕೊಂಡಿದ್ದೆ. ನೀವು ಕೊಟ್ಬಿಟ್ರಿ."

ಒಳಗೆ ಬಂದು ಕೂರು ಎಂದೆ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಮಾದೇವನ ಜೊತೆ ಮದುವೆ ಗೊತ್ತಾಗಿದೆ. ಜುಲೈ ಇಪ್ಪತ್ತೈದಕ್ಕೆ ಹದಿನೆಂಟು ತುಂಬುತ್ತದೆ ಎಂದು ಮನೆಯವರು ಕಾಯುತ್ತಿದ್ದಾರೆ. ಆಷಾಢ ಕಳೆದು ಶ್ರಾವಣದ ಎರಡನೇ ಗುರುವಾರ ಧಾರೆ. ನರ್ಸಿಂಗ್ ಕಾಲೇಜಿನಿಂದ ಬಂದ ಪತ್ರವನ್ನು ಮದುವೆ ಮಾತಿಗೆ ಬಂದಿದ್ದ ಅಜ್ಜಿ, ಮಾದೇವನ ತಾಯಿ, ಒಲೆಗೆ ಹಾಕಿದ್ದಾಳೆ. "ನನಗಿನ್ನೂ ಹದಿನೇಳು ಮಿಸ್. ಅಮ್ಮಂಗೆ ಗೊತ್ತು, ನಿಮಗೆ ಗೊತ್ತು. ಕಾಗದಕ್ಕೊಂದು ಗೊತ್ತಿಲ್ಲ" ಎಂದಳು.

ಯಾವ ದಿನಕ್ಕಾಗಿ ಆ ಮನೆಯವರು ಕ್ಯಾಲೆಂಡರ್ ನೋಡುತ್ತಿದ್ದರೋ ಅದು ನಾನು ಕೂತಲ್ಲೇ ಕಟ್ಟಿದ ದಿನ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಪಾಠ ಮಾಡುತ್ತಿದ್ದರೆ ನಡುವೆ ಮಾತು ಮರೆತುಹೋಗುತ್ತಿತ್ತು. ಬಿಡುವಾದಾಗಲೆಲ್ಲ ಬೀರು ತೆಗೆದು ಆ ಪುಟ ನೋಡುತ್ತಿದ್ದೆ, ಯಾರಾದರೂ ಬಂದರೆ ಮುಚ್ಚುತ್ತಿದ್ದೆ. ತಿದ್ದಿಬಿಡಲೇ ಅಂತಲೂ ಅನ್ನಿಸಿತು. ತಿದ್ದಿದರೆ ಅದು ಎರಡನೇ ಸುಳ್ಳಾಗಿ ಕಾಣುತ್ತದಷ್ಟೆ. ಮನೆಯಲ್ಲಿ ಯಜಮಾನರಿಗೆ ಹೇಳಿದಾಗ ಅವರು ಪೇಪರ್ ಮಡಿಸಿ, "ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ದು ಮನೆಗೆ ಬಾ ಮಾರಾಯ್ತಿ" ಎಂದರು. ಅವರ ಮೇಲೆ ರೇಗಿದೆ. ಆದರೆ ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು, ರೇಗಿದ್ದು ಅದಕ್ಕೆ.

ಮೊದಲು ರತ್ನಮ್ಮನನ್ನೇ ಹಿಡಿದೆ. ಫ್ಯಾಕ್ಟರಿ ವ್ಯಾನು ಬರುವ ಜಾಗದಲ್ಲಿ ಅವಳು ಟಿಫನ್ ಬ್ಯಾಗು ಹಿಡಿದು ಕೊಡೆ ಕೆಳಗೆ ನಿಂತಿದ್ದಳು. ಇನ್ನೊಂದು ವರ್ಷ ತಡಿ, ಓದು ಶುರು ಮಾಡಲಿ ಎಂದು ನನಗೆ ಬಂದಂತೆ ಹೇಳಿದೆ.

"ನನ್ ತಮ್ಮ ಕಣ್ ಮೇಡಂ, ಬೀದೀಲಿ ಓಗೋನಾ?" ಎಂದಳು ರತ್ನಮ್ಮ. "ಇವ್ರಪ್ಪ ಸತ್ತಾಗ ರಾಗಿ ತಂದಾಕ್ದೋನು, ಗುಡ್ಲು ಆಕ್ದೋನು. ಅವ್ನಿಗೆ ಇಲ್ಲ ಅನ್ನಕೆ ನಂಗ್ ಬಾಯ್ ಬತ್ತದಾ? ನಾನು ಶಿಫ್ಟಿಗೋದ್ರೆ ವಯಸ್ಸಿನ್ ಎಣ್ಣು ಮನೇಲಿ ಒಂದೇ ಇರ್ತದೆ. ನಂಗೆ ಅಲ್ಲಿ ಮಿಷನ್ ಮುಂದೆ ಕೈ ನಡುಗ್ತದೆ. ಅದು ನಿಮ್ಗೆ ಗೊತ್ತಾ?"

"ಅವಳಿಗಿನ್ನೂ ವಯಸ್ಸಾಗಿಲ್ಲ ರತ್ನಮ್ಮ. ನಿನಗೂ ಗೊತ್ತಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನೀವೇ ಅಲ್ವಾ ಬರ್ದಿದ್ದು? ಅವತ್ತು ಸರಿ ಇದ್ದಿದ್ದು ಇವತ್ತು ಎಂಗೆ ತಪ್ಪಾಯ್ತದೆ ಮೇಡಂ?" ಎಂದಳು. ಅಷ್ಟರಲ್ಲಿ ವ್ಯಾನು ಬಂತು, ಹತ್ತಿ ಹೋದಳು. ನಾನು ಮಳೆಯಲ್ಲೇ ಶಾಲೆಯ ಕಡೆ ನಡೆದೆ.

ವಯನಾಡಿನಲ್ಲಿ ಮಳೆ ಜೋರಾಗಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟರು. ನಂಜನಗೂಡಿನಲ್ಲಿ ಕಪಿಲೆ ಮೆಟ್ಟಿಲು ದಾಟಿ, ಹದಿನಾರು ಕಾಲಿನ ಮಂಟಪದ ಅರ್ಧಕ್ಕೆ ಬಂದಳು. ಸಂಜೆ ಜನರೆಲ್ಲ ನೀರು ನೋಡಲು ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ. ಇನ್ನಷ್ಟು ಏರಲಿ, ರಸ್ತೆ ಮುಳುಗಲಿ, ಛತ್ರಕ್ಕೆ ನೀರು ನುಗ್ಗಲಿ ಎಂದು ಅಲ್ಲಿ ನಿಂತು ಬೇಡಿಕೊಂಡೆ. ಎಷ್ಟು ಜನರ ಮನೆ ಹೋಗುತ್ತದೆ ಎಂಬ ಯೋಚನೆ ಕೂಡ ಬರಲಿಲ್ಲ. ನನ್ನ ಕೈಯಲ್ಲಿ ಆಗಬೇಕಾದ ಕೆಲಸವನ್ನು ಹೊಳೆಗೆ ವಹಿಸುತ್ತಿದ್ದೆ. ಎರಡು ದಿನಕ್ಕೆ ನೀರು ಇಳಿಯಿತು.

ಶ್ರಾವಣ ಹುಟ್ಟಿದ ವಾರದಲ್ಲಿ ಮಾದೇವನೇ ಬೈಕಿನಲ್ಲಿ ಬಂದು ಲಗ್ನಪತ್ರಿಕೆ ಕೊಟ್ಟ. ಮೂವತ್ತು ದಾಟಿದ ಸಾಧು ಮನುಷ್ಯ, ಕೂರು ಅಂದರೂ ಕೂರಲಿಲ್ಲ. "ನೀವು ಬರ್ಲೇಬೇಕು ಮೇಡಂ. ನಿಮ್ ಸ್ಟೂಡೆಂಟು" ಎಂದ.

"ಭವ್ಯಂಗೆ ಎಷ್ಟು ವಯಸ್ಸು ಅಂತ ಗೊತ್ತೇನಪ್ಪ ನಿನಗೆ?" ಎಂದು ನೇರವಾಗಿ ಕೇಳಿದೆ.

ಅವನು ತಲೆ ತಗ್ಗಿಸಿದ. "ಗೊತ್ತು ಮೇಡಂ. ಅಕ್ಕನ್ನ ಬನ್ನೂರಾಸ್ಪತ್ರೆಗೆ ಆಟೋದಲ್ಲಿ ಕರ್ಕಂಡೋದಾಗ ನಾನೂ ಇದ್ದೆ. ಮೇ ತಿಂಗ್ಳು, ನಂಗೆ ಇಸ್ಕೂಲ್ ರಜ."

"ಗೊತ್ತಿದ್ದೂ ಒಪ್ಕೊಂಡ್ಯಾ?"

"ನಾನೇನ್ ಮಾಡ್ಲಿ ಮೇಡಂ, ಅವ್ವ ಕೇಳಲ್ಲ. ಕಾಗ್ದ ಸರೀಗದೆ ಬುಡು ಅಂದ್ಲು ಅಕ್ಕ."

ಅವನು ಹೋದ ಮೇಲೆ ಪತ್ರಿಕೆ ಬಿಚ್ಚಿ ನೋಡಿದೆ. ಧಾರೆಗೆ ಇನ್ನು ಒಂಬತ್ತು ದಿನ. ಎಲ್ಲರಿಗೂ ಗೊತ್ತಿದೆ, ಎಲ್ಲರೂ ನನ್ನ ಅಕ್ಷರದ ಹಿಂದೆ ನಿಂತಿದ್ದಾರೆ ಎಂದು ಆಗ ಹೊಳೆಯಿತು. ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ನಾನು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಈ ವಿದ್ಯಾರ್ಥಿನಿಯ ಜನ್ಮ ದಿನಾಂಕವನ್ನು ತಿಳಿದೂ ತಿಳಿದೂ ತಪ್ಪಾಗಿ ಬರೆದವಳು ನಾನೇ, ಈಚೆಗೆ ದೃಢೀಕರಿಸಿ ಕೊಟ್ಟವಳೂ ನಾನೇ, ಹೆರಿಗೆ ಬನ್ನೂರಿನ ಆಸ್ಪತ್ರೆಯಲ್ಲಿ ಆಗಿದ್ದು ಅಲ್ಲಿಯ ಪುಸ್ತಕ ನೋಡಬೇಕು ಎಂದು ಬರೆದೆ. ಮೂರು ಸಲ ಹರಿದು ಹಾಕಿ ನಾಲ್ಕನೇ ಸಲಕ್ಕೆ ಸಹಿ ಮಾಡಿದೆ. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಅದು. ನನ್ನದೇ ತಪ್ಪು ಬರೆಯಲು ಅದಕ್ಕೆ ನಾಲ್ಕು ಹಾಳೆ ಬೇಕಾಯಿತು.

ನಂಜನಗೂಡಿನಲ್ಲಿ ಮಕ್ಕಳ ಮದುವೆ ತಡೆಯುವ ಅಧಿಕಾರಿ ಒಬ್ಬ ಹೆಣ್ಣುಮಗಳು. ನನ್ನ ಪತ್ರವನ್ನು ಎರಡು ಸಲ ಓದಿ, "ಮೇಡಂ, ಇದು ನಿಮ್ಮ ತಲೆ ಮೇಲೇ ಬರುತ್ತೆ, ಗೊತ್ತಲ್ವಾ?" ಎಂದರು. ಗೊತ್ತು ಎಂದೆ. ಆದರೂ, ಹಾಗೇನೂ ಆಗಲ್ಲ ಬಿಡಿ ಅನ್ನುತ್ತಾರೇನೋ ಎಂದು ಅವರ ಮುಖ ನೋಡಿದೆ. ಅವರು ಅನ್ನಲಿಲ್ಲ. ಆಸ್ಪತ್ರೆಯ ಹೆರಿಗೆ ಪುಸ್ತಕದ ನಕಲು ಬರುವವರೆಗೆ ಕಾಯಬೇಕಾಯಿತು. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ. ಧಾರೆ ಗುರುವಾರ. ಹಳೇ ಪುಸ್ತಕಗಳನ್ನೆಲ್ಲ ಇಳಿಸಿ ಹುಡುಕುತ್ತಿದ್ದಾರೆ ಎಂದರು. ನಾನು ಗಂಟೆಗೊಂದು ಸಲ ಫೋನ್ ಮಾಡಿ ಅವರಿಂದ ಬೈಸಿಕೊಂಡೆ. ಬುಧವಾರ ಹನ್ನೊಂದಕ್ಕೆ ನಕಲು ಸಿಕ್ಕಿತು. ಮೇ ಇಪ್ಪತ್ತೈದು, ಹೆಣ್ಣು ಮಗು, ತಾಯಿ ರತ್ನಮ್ಮ.

ಬುಧವಾರ ಚಪ್ಪರದ ದಿನ. ದಾಖಲಾತಿ ಪುಸ್ತಕ ತನ್ನಿ ಎಂದಿದ್ದರಿಂದ ನಾನೂ ಜೊತೆಯಲ್ಲಿ ಹೋಗಬೇಕಾಯಿತು. ಮಳೆಗೆ ಪ್ಲಾಸ್ಟಿಕ್ ಕವರು ಸುತ್ತಿ, ಸೆರಗಿನೊಳಗೆ ಅವುಚಿಕೊಂಡಿದ್ದೆ. ಜೀಪು ನಿಂತದ್ದೇ ಅಂಗಳದ ಹೆಂಗಸರ ಹಾಡು ನಿಂತಿತು. ಭವ್ಯಳನ್ನು ಹಸೆಯ ಮೇಲೆ ಕೂರಿಸಿ ಅರಿಶಿನ ಹಚ್ಚಿದ್ದರು. ಅಧಿಕಾರಿ ಎಲ್ಲರೆದುರಿಗೆ, "ನಿನಗೆ ಈ ಮದುವೆ ಇಷ್ಟ ಇದೆಯೇನಮ್ಮ?" ಎಂದು ಕೇಳಿದರು. ಅವಳು ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ನೆಲ ನೋಡಿದಳು. ನಾನು ಪುಸ್ತಕವನ್ನು ಇನ್ನಷ್ಟು ಅವುಚಿಕೊಂಡೆ. ಇವಳು ಈಗ ಹೂಂ ಅಂದುಬಿಟ್ಟರೆ ಏನು ಗತಿ ಎಂದು ಬೆವತುಹೋದೆ. ಅಧಿಕಾರಿ ಅನುಭವಸ್ಥೆ. ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಕಾಲು ಗಂಟೆಯ ಮೇಲೆ ಹೊರಗೆ ಬಂದು, "ಓದ್ತಾಳಂತೆ" ಎಂದರು.

ಅಜ್ಜಿ ಸಾಕಮ್ಮ ನನಗೆ ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ರತ್ನಮ್ಮ ಕಿರುಚಲಿಲ್ಲ. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿ, ಪೆನ್ನು ಕೆಳಗಿಟ್ಟು, ನನ್ನ ಹತ್ತಿರ ಬಂದಳು. "ಅವತ್ತು ನಿಮ್ ಕಾಲಿಗ್ ಬಿದ್ದಿದ್ದೆ ಮೇಡಂ. ಇವತ್ತು ನಮ್ಮನ್ನ ಊರೋರ್ ಬಾಯಿಗ್ ಬೀಳ್ಸುದ್ರಿ" ಎಂದಳು. ಆ ಮಾತು ಇವತ್ತಿಗೂ ನನ್ನಿಂದ ಹೋಗಿಲ್ಲ. ಅವಳು ಕೆಟ್ಟವಳಲ್ಲ. ಅವಳಿಗೆ ಹೆದರಿಕೆ ಇತ್ತು, ನನಗೂ ಇತ್ತು.

ಆಮೇಲೆ ನನಗೆ ನೋಟಿಸು ಬಂತು, ವಿಚಾರಣೆ ನಡೆಯಿತು. ಬೀಳ್ಕೊಡುಗೆ ಸಮಾರಂಭ ಬೇಡ ಎಂದು ನಾನೇ ಹೇಳಿದೆ. ಪೆನ್ಷನ್ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಭವ್ಯಳನ್ನು ಅಧಿಕಾರಿಯೇ ಮುಂದೆ ನಿಂತು ಮೈಸೂರಿನ ಕಾಲೇಜಿಗೆ, ಹಾಸ್ಟೆಲಿಗೆ ಸೇರಿಸಿದರು. ರತ್ನಮ್ಮ ಮಗಳ ಜೊತೆ ಐದು ತಿಂಗಳು ಮಾತು ಬಿಟ್ಟಿದ್ದಳು. ಹದಿನೆಂಟು ತುಂಬುವವರೆಗಿನ ಆ ಹತ್ತು ತಿಂಗಳೂ ನಾನು ಫೋನ್ ಹೊಡೆದುಕೊಂಡರೆ ಬೆಚ್ಚುತ್ತಿದ್ದೆ. ಹಬ್ಬಕ್ಕೆ ಕರೆದುಕೊಂಡು ಹೋಗಿ ತಾಳಿ ಕಟ್ಟಿಸಿಬಿಟ್ಟರೆ ಎಂದು, ಗೌರಿಹಬ್ಬ, ದೀಪಾವಳಿ, ಯುಗಾದಿ ಯಾವುದಕ್ಕೂ ಊರಿಗೆ ಹೋಗಬೇಡವೆಂದು ಅವಳಿಗೆ ಕಾಟ ಕೊಟ್ಟೆ.

ಮೇ ಇಪ್ಪತ್ತೈದಕ್ಕೆ ಒಂದು ಚೂಡಿದಾರ್ ಬಟ್ಟೆ ತೆಗೆದುಕೊಂಡು ಹಾಸ್ಟೆಲಿಗೆ ಹೋದೆ. ನಿಜವಾಗಿ ಹದಿನೆಂಟು ತುಂಬಿದ ದಿನ. ಅಮ್ಮ ಬೆಳಿಗ್ಗೆ ಫೋನ್ ಮಾಡಿದ್ದಳಂತೆ, ಊಟ ಆಯ್ತಾ ಎಂದು ಕೇಳಿದಳಂತೆ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಇವಳ ಮಾತು ಇವಳದು, ನನ್ನ ಹತ್ತು ತಿಂಗಳು ತೀರಿತು ಎಂದು ಅವಳ ತಲೆ ಸವರಿದೆ. ಅವಳು ನಗಲಿಲ್ಲ.

"ಮಾವಂಗೆ ಹೆಣ್ಣು ಗೊತ್ತಾಗಿದೆ ಮಿಸ್" ಎಂದಳು.

"ಒಳ್ಳೇದಾಯ್ತಲ್ಲ. ಬಿಟ್ಟಾಕು."

"ಆ ಹುಡುಗಿ ಈಗ ಎಸ್ಸೆಸ್ಸೆಲ್ಸಿ ಬರೆದಿದಾಳಂತೆ ಮಿಸ್. ತಿ. ನರಸೀಪುರದ ಕಡೆಯವಳು."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆ ಅಜ್ಜಿ ಸುಮ್ಮನೆ ಕೂರುವವಳಲ್ಲ ಎಂದು ನನಗೆ ಹತ್ತು ತಿಂಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ನಾನು ಒಬ್ಬಳ ದಿನ ಎಣಿಸುತ್ತಾ ಕೂತಿದ್ದೆ. ಭವ್ಯ ಒಳಗೆ ಹೋಗಿ ಮಡಿಸಿದ ಹಾಳೆಯೊಂದನ್ನು ತಂದಳು. ಅಧಿಕಾರಿಗೆ ಬರೆದ ದೂರು. ಕೆಳಗೆ ತನ್ನ ಪೂರ್ತಿ ಹೆಸರು, ಹಾಸ್ಟೆಲಿನ ವಿಳಾಸ ಬರೆದು ಸಹಿ ಮಾಡಿದ್ದಳು.

"ಹೆಸರು ಯಾಕೆ ಹಾಕ್ದೆ? ನಿಮ್ಮಮ್ಮ ಮತ್ತೆ ಮಾತು ಬಿಡ್ತಾಳೆ ಕಣೇ" ಎಂದೆ.

"ಬಿಡ್ತಾಳೆ" ಎಂದಳು. ಅವಳ ಕಣ್ಣು ತುಂಬಿತ್ತು. "ನಾಳೆ ಕೊಡೋಕೆ ಹೋಗ್ತೀನಿ. ನೀವೂ ಬರ್ತೀರಾ ಮಿಸ್?"

ಬರುತ್ತೇನೆ ಎಂದು ಓದತೊಡಗಿದೆ. ತಿದ್ದಲು ಏನೂ ಇರಲಿಲ್ಲ. ಹುಡುಗಿಯ ಹೆಸರು, ಊರು, ಶಾಲೆ, ಲಗ್ನದ ದಿನ ಎಲ್ಲ ಇತ್ತು. ಹುಟ್ಟಿದ ದಿನಾಂಕ ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಳು. ಹದಿನೈದೋ ಹದಿನಾರೋ ಅಂತ ಏನಾದರೂ ಹಾಕಮ್ಮ, ಅವರಿಗೆ ಬೇಗ ಅರ್ಥವಾಗುತ್ತದೆ ಎಂದು ನಾನು ಪೆನ್ನು ತೆಗೆದೆ.

ಭವ್ಯ ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. "ಬೇಡ ಮಿಸ್. ಅದು ನಮಗೆ ಗೊತ್ತಿಲ್ಲ. ಕೇಳಿ ತಿಳ್ಕೊಂಡೇ ಬರೀತೀನಿ" ಎಂದಳು.